ಯಂತ್ರ ಕೊಳ್ಳುವ ಮೊದಲು: ಕಾಸರಗೋಡಿನ ಹಳ್ಳಿಗಳಲ್ಲಿ ಸಬ್ಸಿಡಿ ಸಾಲ ಪಡೆದು ಉದ್ದಿಮೆ ಆರಂಭಿಸುವ ಕ್ರಮ

ನಮ್ಮ ಊರಿನ ವಾಚನಾಲಯಕ್ಕೆ ಭಾನುವಾರಗಳಂದು ಅರ್ಜಿ ಬರೆಸಿಕೊಳ್ಳಲು ಬರುವವರ ಚೀಲದಲ್ಲಿ ಹೆಚ್ಚಾಗಿ ಮೂರು ಕಾಗದಗಳಿರುತ್ತವೆ: ಆಧಾರ್ ಕಾರ್ಡಿನ ಪ್ರತಿ, ಮಂಗಳೂರಿನಲ್ಲಿ ಯಂತ್ರ ಕೊಂಡ ಬಿಲ್ಲು, ಮತ್ತು ತಿರಸ್ಕೃತವಾದ ಸಾಲದ ಅರ್ಜಿ. ಮೂರನೆಯ ಕಾಗದಕ್ಕೆ ಎರಡನೆಯದೇ ಕಾರಣವೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ನನ್ನ ಮೊದಲ ಅರ್ಜಿಯೂ ಹೀಗೆಯೇ ಬಿದ್ದುಹೋಯಿತು. ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಯಂತ್ರವೊಂದು ಅಗ್ಗಕ್ಕೆ ಸಿಕ್ಕಿತೆಂದು ತಂದು, ಕೊಟ್ಟಿಗೆಯ ಪಕ್ಕದ ಮಾಡಿನಡಿ ನಿಲ್ಲಿಸಿ, ನಾಲ್ಕು ಮದುವೆಗಳಿಗೆ ತಟ್ಟೆ ಕೊಟ್ಟಾದ ಮೇಲೆ ಸಬ್ಸಿಡಿ ಕೇಳಲು ಹೋಗಿದ್ದೆ. ಹೊಸ ಉದ್ದಿಮೆಗೆ ಕೊಡುವ ಸಹಾಯವನ್ನು ನಡೆಯುತ್ತಿರುವ ಉದ್ದಿಮೆಗೆ ಕೊಡಲಾಗದು ಎಂಬ ಒಂದೇ ಸಾಲಿನ ಉತ್ತರದಲ್ಲಿ ಆ ಅಧ್ಯಾಯ ಮುಗಿಯಿತು.

ಮಂಜೇಶ್ವರ, ಕಾಸರಗೋಡು ತಾಲೂಕುಗಳ ಪಂಚಾಯತ್‌ಗಳಲ್ಲಿ ಸಣ್ಣ ಉತ್ಪಾದನಾ ಘಟಕವನ್ನೋ ಸೇವಾ ಘಟಕವನ್ನೋ ತೆರೆಯಬೇಕೆಂದಿರುವವರಿಗಾಗಿ, ಹೊಸ ಉದ್ದಿಮೆಗೆ ಬ್ಯಾಂಕ್ ಸಾಲದ ಜೊತೆ ಸರಕಾರದ ಸಬ್ಸಿಡಿ ಸಿಗುವ ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮವನ್ನು, ಅಂದರೆ ಎಲ್ಲರ ಬಾಯಲ್ಲಿರುವ ಪಿಎಂಇಜಿಪಿಯನ್ನು, ಮುಖ್ಯವಾಗಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಇಲ್ಲಿ ಎಡವುವವರಲ್ಲಿ ಹೆಚ್ಚಿನವರು ಅರ್ಹತೆಯಿಲ್ಲದೆ ಎಡವುವುದಿಲ್ಲ, ಕ್ರಮ ತಪ್ಪಿ ಎಡವುತ್ತಾರೆ. ಆದುದರಿಂದ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಓದಬೇಕು, ಅದೇ ಕ್ರಮದಲ್ಲಿ ಮಾಡಬೇಕು.

ಮೊದಲೇ ಕೈಯಲ್ಲಿರಬೇಕಾದವು

ಆಧಾರ್‌ಗೆ ಜೋಡಿಸಿದ, ಈಗಲೂ ಚಾಲ್ತಿಯಲ್ಲಿರುವ ಮೊಬೈಲ್ ನಂಬ್ರ, ಪಾನ್ ಕಾರ್ಡ್, ಶಾಲಾ ಪ್ರಮಾಣಪತ್ರ, ಜಾಗದ ತೀರ್ವೆ (ಭೂಕಂದಾಯ) ರಶೀದಿ, ಭಾವಚಿತ್ರ, ಮತ್ತು ಇನ್ನೂರು ಪುಟದ ಒಂದು ನೋಟ್ ಪುಸ್ತಕ. ಕೊನೆಯದನ್ನು ತಮಾಷೆಗೆ ಹೇಳಿದ್ದಲ್ಲ. ಯಾವ ದಿನ ಯಾವ ಕಚೇರಿಗೆ ಹೋದಿರಿ, ಯಾರು ಏನು ಕೇಳಿದರು, ಯಾವ ಕಾಗದ ಕೊಟ್ಟಿರಿ ಎಂದು ಅದರಲ್ಲಿ ಬರೆದಿಡದವರು ಮೂರನೆಯ ತಿಂಗಳಿಗೆ ಎಲ್ಲವನ್ನೂ ಮೊದಲಿನಿಂದ ಆರಂಭಿಸುತ್ತಾರೆ.

ಹಂತ 1: ನಿಮ್ಮ ಸ್ಥಿತಿಗೆ ಸರಿಯಾದ ಯೋಜನೆ ಯಾವುದೆಂದು ನಿರ್ಣಯಿಸುವುದು

ನಿಮ್ಮ ಉದ್ದಿಮೆ ಇನ್ನೂ ಆರಂಭವಾಗಿಲ್ಲವಾದರೆ ಪಿಎಂಇಜಿಪಿ ನಿಮಗೆ ತೆರೆದ ಬಾಗಿಲು. 2022ರಲ್ಲಿ ಪರಿಷ್ಕರಿಸಿದ ನಿಯಮಗಳಂತೆ ಉತ್ಪಾದನಾ ಘಟಕಕ್ಕೆ 50 ಲಕ್ಷ ರೂಪಾಯಿ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿ ಯೋಜನಾ ವೆಚ್ಚದ ಮಿತಿ. ವಯಸ್ಸು 18 ತುಂಬಿರಬೇಕು; ಮೇಲ್ಮಿತಿಯಿಲ್ಲ. ಉತ್ಪಾದನೆಯಲ್ಲಿ 10 ಲಕ್ಷಕ್ಕೂ ಸೇವೆಯಲ್ಲಿ 5 ಲಕ್ಷಕ್ಕೂ ಮೀರಿದ ಯೋಜನೆಗೆ ಎಂಟನೆಯ ತರಗತಿ ಪಾಸಾಗಿರಬೇಕು. ಗಂಡ ಹೆಂಡತಿಯರಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಬೀಡಿ ಮತ್ತಿತರ ತಂಬಾಕು ಪದಾರ್ಥಗಳಿಗೂ ಮದ್ಯಕ್ಕೂ ಈ ಯೋಜನೆಯಲ್ಲಿ ಎಡೆಯಿಲ್ಲ. ಅಡಿಕೆ, ರಬ್ಬರು ಬೆಳೆಸುವಂತಹ ಕೃಷಿಗೂ ಇಲ್ಲ. ಅಡಿಕೆ ತೋಟ ಮಾಡುವುದಕ್ಕೆ ಇಲ್ಲದ ಸಾಲ ಆ ತೋಟದ ಹಾಳೆಯಿಂದ ತಟ್ಟೆ ಮಾಡುವುದಕ್ಕೆ ಇದೆ. ಈ ವ್ಯತ್ಯಾಸವನ್ನು ಗಮನಿಸಬೇಕು.

ನಿಮ್ಮ ಘಟಕ ಈಗಾಗಲೇ ನಡೆಯುತ್ತಿದ್ದರೆ ಪಿಎಂಇಜಿಪಿಯ ಹಿಂದೆ ಓಡುವುದು ವ್ಯರ್ಥ. ಹಪ್ಪಳ, ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸ್, ತೆಂಗಿನೆಣ್ಣೆ ಮುಂತಾದ ಆಹಾರ ಸಂಸ್ಕರಣೆ ನಿಮ್ಮದಾಗಿದ್ದರೆ ಕಿರು ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಆರಂಭವಾದ ಪಿಎಂಎಫ್‌ಎಂಇ ಯೋಜನೆ ಹಳೆಯ ಘಟಕವನ್ನೂ ಒಪ್ಪುತ್ತದೆ. ಅದರಲ್ಲಿ ಯೋಜನಾ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಬ್ಸಿಡಿ ಇದ್ದು, ಶೇಕಡಾ 10ನ್ನು ನೀವು ಹಾಕಬೇಕು. ಆಹಾರ ತಯಾರಿಸುವ ಕುಟುಂಬಶ್ರೀ ಮಹಿಳಾ ಸ್ವಸಹಾಯ ಗುಂಪಿನವರಾದರೆ ಸದಸ್ಯೆಯೊಬ್ಬರಿಗೆ 40,000 ರೂಪಾಯಿಯವರೆಗಿನ ಮೂಲಧನದ ಅವಕಾಶವೂ ಅದರಲ್ಲಿದೆ. ಆಹಾರವಲ್ಲದ ಉತ್ಪಾದನಾ ಘಟಕವಾದರೆ ಕೇರಳ ಸರಕಾರದ ಉದ್ಯಮಿ ಬೆಂಬಲ ಯೋಜನೆಯನ್ನು ವಿಚಾರಿಸಬೇಕು. ಅದು ಉತ್ಪಾದನೆ ಆರಂಭವಾದ ಮೇಲೆ, ಹೂಡಿದ ಸ್ಥಿರ ಬಂಡವಾಳದ ಒಂದು ಪಾಲನ್ನು ಹಿಂದಿರುಗಿಸುವ ಕ್ರಮ. ಆದರೆ ಆರಂಭಿಸಿದ ಬಳಿಕ ತಡಮಾಡದೆ ಅರ್ಜಿ ಹಾಕಬೇಕು. ನನ್ನಂತೆ ಯಂತ್ರ ಮೊದಲು ತಂದವರಿಗೆ ಉಳಿಯುವ ದಾರಿ ಇದೇ. ಪಿಎಂಇಜಿಪಿಯ ಅರ್ಜಿ ಬಿದ್ದ ಬೇಸರದಲ್ಲಿ ಬಿಲ್ಲುಗಳನ್ನು ಎಲ್ಲೋ ಎಸೆದವರಿಗೆ ಈ ದಾರಿಯೂ ಮುಚ್ಚುತ್ತದೆ.

ಪಿಎಂಇಜಿಪಿಗೆ ಮಂಜೂರಾಗಿದ್ದ ಯೋಜನಾವಧಿ 2025–26ರ ವರೆಗಿನದು. ಆದುದರಿಂದ ಮುಂದಿನ ಯಾವ ಹಂತಕ್ಕೂ ಕೈಹಾಕುವ ಮುನ್ನ, ಈಗ ಹೊಸ ಅರ್ಜಿಗಳನ್ನು ಸ್ವೀಕರಿಸುತ್ತಿದ್ದಾರೆಯೇ, ಮೊತ್ತಗಳಲ್ಲಿ ಬದಲಾವಣೆ ಬಂದಿದೆಯೇ ಎಂದು ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿಯೋ ನಿಮ್ಮ ಬ್ಲಾಕಿನ ಕೈಗಾರಿಕಾ ವಿಸ್ತರಣಾಧಿಕಾರಿಯ ಬಳಿಯೋ ಕೇಳಿ ತಿಳಿದುಕೊಳ್ಳಬೇಕು. ಪಂಚಾಯತ್ ಕಚೇರಿಗೆ ಅವರು ಬರುವ ದಿನವನ್ನು ವಿಚಾರಿಸಿ ಹೋದರೆ ಬಸ್ಸಿನ ಖರ್ಚೂ ಉಳಿಯುತ್ತದೆ.

ಹಂತ 2: ಹೆಸರು ಮತ್ತು ಊರಿನ ಕಾಗುಣಿತವನ್ನು ಒಂದೇ ಆಗಿಸುವುದು

ಬೇರೆ ಜಿಲ್ಲೆಗಳವರಿಗೆ ಇದು ಒಂದು ಹಂತವೇ ಅಲ್ಲ. ನಮಗೆ ಇದು ದೊಡ್ಡ ಹಂತ. ಪುತ್ತೂರಿನಲ್ಲೋ ಮಂಗಳೂರಿನಲ್ಲೋ ಓದಿದವರ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ತಂದೆಯ ಹೆಸರಿನ ಮೊದಲಕ್ಷರವಿದ್ದರೆ, ಆಧಾರ್‌ನಲ್ಲಿ ಮನೆಯ ಹೆಸರು ಮುಂದೆ ಸೇರಿಕೊಂಡಿರುತ್ತದೆ. ಪಾನ್ ಕಾರ್ಡಿನಲ್ಲಿ ಎರಡೂ ಇರುವುದಿಲ್ಲ. ಅದರ ಮೇಲೆ ಕನ್ನಡದ ಹೆಸರು ಮಲಯಾಳದ ಮೂಲಕ ಇಂಗ್ಲಿಷಿಗೆ ಹೋಗಿ ಬಂದರೆ ಅಕ್ಷರಗಳು ಬದಲಾಗುತ್ತವೆ. ಊರಿನ ಹೆಸರೂ ಹಾಗೆಯೇ: ಒಂದು ಕಾಗದದಲ್ಲಿ ಕುಂಬಳೆ, ಇನ್ನೊಂದರಲ್ಲಿ ಕುಂಬ್ಳ, ಒಂದರಲ್ಲಿ ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ನಮಗೆ ಇದು ನಗುವ ವಿಷಯವಾದರೂ ಸಾಲ ಮಂಜೂರು ಮಾಡುವ ಅಧಿಕಾರಿ ದೂರದ ನಗರದ ಕಚೇರಿಯಲ್ಲಿ ಕುಳಿತು ಪರದೆಯ ಮೇಲೆ ಎರಡು ಬೇರೆ ಬೇರೆ ಹೆಸರುಗಳನ್ನು ಕಾಣುತ್ತಾರೆ.

ಮಾಡಬೇಕಾದದ್ದು ಇಷ್ಟು. ಆಧಾರ್ ಮತ್ತು ಪಾನ್ ಒಂದಕ್ಕೊಂದು ತಾಳೆಯಾಗುವಂತೆ ಮೊದಲು ತಿದ್ದಿಸಿಕೊಳ್ಳಬೇಕು, ಏಕೆಂದರೆ ಅರ್ಜಿ, ಉದ್ಯಮ್ ಎಂಬ ಸಣ್ಣ ಉದ್ದಿಮೆಗಳ ಸರಕಾರಿ ನೋಂದಣಿ, ಬ್ಯಾಂಕ್ ಖಾತೆ ಮೂರೂ ಇವೆರಡರ ಮೇಲೆ ನಿಲ್ಲುತ್ತವೆ. ಶಾಲಾ ಪ್ರಮಾಣಪತ್ರವನ್ನು ತಿದ್ದಿಸುವ ಗೋಜಿಗೆ ಹೋಗದೆ, ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರಕ್ಕೆ ಅಕ್ಷಯ ಎಂಬ ಸರಕಾರಿ ಆನ್‌ಲೈನ್ ಸೇವಾ ಕೇಂದ್ರದ ಮೂಲಕ ಕಂದಾಯ ಇಲಾಖೆಗೆ ಅರ್ಜಿ ಹಾಕುವುದು ಸುಲಭ.

ಜಾತಿ ಪ್ರಮಾಣಪತ್ರದಲ್ಲಿ ಗಡಿನಾಡಿನ ಇನ್ನೊಂದು ತೊಡಕಿದೆ. ಹಿಂದುಳಿದ ವರ್ಗಗಳ ಪಟ್ಟಿ ಕರ್ನಾಟಕದ್ದೂ ಕೇರಳದ್ದೂ ಒಂದೇ ಅಲ್ಲದ ಕಾರಣ, ದಕ್ಷಿಣ ಕನ್ನಡದಿಂದ ಮದುವೆಯಾಗಿ ಬಂದವರು ತವರಿನ ಪ್ರಮಾಣಪತ್ರವನ್ನು ತಂದು ಕೊಟ್ಟು ಒದ್ದಾಡುತ್ತಾರೆ. ಅವರಿಗೆ ನನ್ನ ಸಲಹೆ ಸರಳ: ಮಹಿಳೆ ಎಂಬ ಒಂದೇ ಕಾರಣಕ್ಕೆ ನೀವು ಈ ಯೋಜನೆಯಲ್ಲಿ ಹೆಚ್ಚು ಸಬ್ಸಿಡಿ ಸಿಗುವ ವಿಶೇಷ ವರ್ಗಕ್ಕೆ ಸೇರುತ್ತೀರಿ, ಜಾತಿ ಪ್ರಮಾಣಪತ್ರದ ಅಗತ್ಯವೇ ಬೀಳದು. ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು ಕೂಡ ಅದೇ ವರ್ಗದವರು. ಅವರು ಮಾತ್ರ ಪ್ರಮಾಣಪತ್ರ ತೋರಿಸಬೇಕು.

ಭಾಷೆಯ ಬಗ್ಗೆ ಒಂದು ಮಾತು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಕನ್ನಡಿಗರು ರಾಜ್ಯ ಸರಕಾರದೊಂದಿಗೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡಬಹುದು. ಗ್ರಾಮ ಕಚೇರಿಗೆ, ಪಂಚಾಯತ್‌ಗೆ ಕನ್ನಡದಲ್ಲಿ ಮನವಿ ಬರೆಯಲು ಸಂಕೋಚಪಡಬೇಕಾಗಿಲ್ಲ. ಆದರೆ ಬ್ಯಾಂಕಿಗೆ ಕೊಡುವ ಯೋಜನಾ ವರದಿಯನ್ನು ಇಂಗ್ಲಿಷಿನಲ್ಲಿ ಮಾಡಿಸುವುದೇ ಜಾಣತನ. ಹಕ್ಕಿನ ಹೋರಾಟಕ್ಕೆ ಬೇರೆ ವೇದಿಕೆಗಳಿವೆ. ಸಾಲದ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹೋಗಬೇಕು.

ಹಂತ 3: ಜಾಗ, ಕಟ್ಟಡ ಮತ್ತು ಕರೆಂಟು

ಪಂಚಾಯತ್ ವ್ಯಾಪ್ತಿಯ ಜಾಗವಾದರೆ ಗ್ರಾಮೀಣ, ನಗರಸಭೆಯ ವ್ಯಾಪ್ತಿಯಾದರೆ ನಗರ ಎಂಬುದು ಈಗಿನ ನಿಯಮ. ಕಾಸರಗೋಡು ನಗರಸಭೆಯ ಗಡಿಯಿಂದ ನಾಲ್ಕು ಹೆಜ್ಜೆ ಆಚೆ ಘಟಕವಿದ್ದರೆ ಸಬ್ಸಿಡಿಯಲ್ಲಿ ಶೇಕಡಾ 10ರ ವ್ಯತ್ಯಾಸವಾಗುತ್ತದೆ. ಅದಕ್ಕೆ ಪಂಚಾಯತ್‌ನಿಂದ ಗ್ರಾಮೀಣ ಪ್ರದೇಶವೆಂಬ ದೃಢೀಕರಣ ಪಡೆದಿಟ್ಟುಕೊಳ್ಳಬೇಕು.

ನಮ್ಮಲ್ಲಿ ಅನೇಕರು ಗದ್ದೆ ಬಿಟ್ಟು ತೋಟ ಮಾಡಿ ಎರಡು ತಲೆಮಾರು ಕಳೆದಿದೆ. ಆದರೆ ಕಂದಾಯ ದಾಖಲೆಯಲ್ಲಿ ಆ ಜಾಗ ಇಂದಿಗೂ ‘ನಿಲಂ’, ಅಂದರೆ ಗದ್ದೆ, ಎಂದೇ ಇರುತ್ತದೆ. ಅಡಿಕೆ ಮರಗಳ ಮಧ್ಯೆ ನಿಂತು ಇದು ಗದ್ದೆಯಲ್ಲವೆಂದು ಹೇಳಿದರೆ ಕಚೇರಿಯಲ್ಲಿ ಯಾರೂ ಒಪ್ಪರು. ಕೇರಳದ 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯಂತೆ ಡಾಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆ ಮತ್ತು ಜೌಗುಭೂಮಿಗಳ ಸರಕಾರಿ ಪಟ್ಟಿಯಲ್ಲಿ, ಸೇರಿದ ಜಾಗದಲ್ಲಿ ಶೆಡ್ ಕಟ್ಟುವಂತಿಲ್ಲ. ತಪ್ಪಾಗಿ ಸೇರಿದ್ದರೆ ತೆಗೆಸಲು 5ನೆಯ ನಮೂನೆಯಲ್ಲಿಯೂ, ಡಾಟಾ ಬ್ಯಾಂಕಿನಲ್ಲಿಲ್ಲದೆ ದಾಖಲೆಯಲ್ಲಿ ಮಾತ್ರ ನಿಲಂ ಎಂದಿದ್ದು ಜಾಗ 50 ಸೆಂಟ್ಸ್ ಮೀರದಿದ್ದರೆ ಬದಲಾಯಿಸಲು 6ನೆಯ ನಮೂನೆಯಲ್ಲಿಯೂ ಕಂದಾಯ ವಿಭಾಗಾಧಿಕಾರಿಗೆ ಅರ್ಜಿ ಹಾಕಬೇಕು. ಇದಕ್ಕೆ ತಿಂಗಳುಗಟ್ಟಲೆ ಬೇಕಾಗಬಹುದು. ಆದುದರಿಂದ ತೀರ್ವೆ ರಶೀದಿಯಲ್ಲಿ ಜಾಗದ ತರ ಏನೆಂದು ಇವತ್ತೇ ನೋಡಿ. ‘ಪುರಯಿಡಂ’, ಅಂದರೆ ಗದ್ದೆಯಲ್ಲದ ಜಾಗ, ಎಂದಿದ್ದರೆ ಮುಂದುವರಿಯಿರಿ, ‘ನಿಲಂ’ ಎಂದಿದ್ದರೆ ಬೇರೆ ಜಾಗವನ್ನು ಬಾಡಿಗೆಗೆ ಹಿಡಿಯುವುದೇ ಬೇಗ ಮುಗಿಯುವ ಕೆಲಸ.

ಜಾಗದ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸುವಂತಿಲ್ಲ. ಸಿದ್ಧ ಕಟ್ಟಡದ ಬಾಡಿಗೆಯನ್ನು ಮೂರು ವರ್ಷದವರೆಗೆ ಸೇರಿಸಬಹುದು. ಜಾಗ ತರವಾಡಿನ (ಕೂಡುಕುಟುಂಬದ) ಹೆಸರಿನಲ್ಲಿದ್ದರೆ ಬಾಯಿಮಾತಿನ ಒಪ್ಪಿಗೆ ಸಾಲದು, ಹಕ್ಕುದಾರರೆಲ್ಲರ ಒಪ್ಪಿಗೆಪತ್ರವೋ ಬಾಡಿಗೆ ಕರಾರೋ ಬೇಕು. ಅಣ್ಣ ತಮ್ಮಂದಿರಲ್ಲಿ ಒಬ್ಬರು ಗಲ್ಫಿನಲ್ಲಿದ್ದರೆ ಈ ಸಹಿಗೇ ಎರಡು ತಿಂಗಳು ಹೋಗುತ್ತದೆ.

ಕಟ್ಟಡಕ್ಕೆ ಪಂಚಾಯತ್ ನಂಬ್ರ ಇದೆಯೇ, ಇದ್ದರೆ ವಾಸದ ಮನೆಯೆಂದೋ ವಾಣಿಜ್ಯ ಕಟ್ಟಡವೆಂದೋ ನೋಡಬೇಕು. ಯಂತ್ರಕ್ಕೆ ತ್ರೀ ಫೇಸ್ ಬೇಕಾದರೆ ಕಂಬದಿಂದ ಎಷ್ಟು ದೂರವಿದೆ, ಹೊಸ ಕಂಬಕ್ಕೆ ಎಷ್ಟು ಕಟ್ಟಬೇಕು ಎಂದು ವಿದ್ಯುತ್ ಮಂಡಳಿಯ ಸೆಕ್ಷನ್ ಕಚೇರಿಯಲ್ಲಿ ಕೇಳಿ ಆ ಮೊತ್ತವನ್ನು ಬರೆದುಕೊಳ್ಳಿ. ಸಾಲ ಬಂದ ಮೇಲೆ ಇದನ್ನು ಕೇಳಿದವರ ಯಂತ್ರ ಪ್ಲಾಸ್ಟಿಕ್ ಹೊದಿಕೆಯೊಳಗೇ ಇದ್ದು ಕಂತು ಮಾತ್ರ ಆರಂಭವಾಗುತ್ತದೆ.

ಹಂತ 4: ಲೆಕ್ಕ, ಮತ್ತು ಅದರಿಂದ ಯೋಜನಾ ವರದಿ

ಯೋಜನಾ ವರದಿಯನ್ನು ಮಾರುಕಟ್ಟೆಯಲ್ಲಿ ಸಿದ್ಧವಾಗಿ ಕೊಳ್ಳಬಹುದು. ಕೊಳ್ಳಬೇಡಿ. ಅದರಲ್ಲಿ ಬೇರೆ ಯಾವುದೋ ಜಿಲ್ಲೆಯ ಕೂಲಿ, ಬೇರೆ ಊರಿನ ಕರೆಂಟು ದರ ಇರುತ್ತದೆ. ಮ್ಯಾನೇಜರರ ಎರಡನೆಯ ಪ್ರಶ್ನೆಗೇ ಅದು ಬಯಲಾಗುತ್ತದೆ. ಮೊದಲು ನಿಮ್ಮ ನೋಟ್ ಪುಸ್ತಕದಲ್ಲಿ ನಿಮ್ಮದೇ ಲೆಕ್ಕ ಬರೆದು, ಅನಂತರ ಅದನ್ನು ವರದಿಯ ರೂಪಕ್ಕೆ ತರಲು ವಿಸ್ತರಣಾಧಿಕಾರಿಯ ನೆರವು ಕೇಳಿ.

ಹಾಳೆ ತಟ್ಟೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ದಿನಕ್ಕೆ 600 ತಟ್ಟೆ ಒತ್ತುವಿರೆಂದೂ, ಒಂದು ಹಾಳೆಯಲ್ಲಿ ಎರಡು ತಟ್ಟೆ ಬರುತ್ತದೆಂದೂ ಹಿಡಿದರೆ ದಿನಕ್ಕೆ 300 ಹಾಳೆ, 25 ದಿನದ ತಿಂಗಳಿಗೆ 7,500 ಹಾಳೆ ಬೇಕು. ಹಾಳೆ ಬೇಸಗೆಯಲ್ಲಿ ಬಿದ್ದು ಒಣಗಿ ಸಿಗುವ ವಸ್ತು. ಮಳೆ ಹಿಡಿದ ಮೇಲೆ ತೋಟದಲ್ಲಿ ಬಿದ್ದದ್ದು ಮಣ್ಣು ಮೆತ್ತಿ ಬೂಷ್ಟು ಹಿಡಿಯುತ್ತದೆ. ಹಾಗಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೆ 30,000 ಹಾಳೆಯನ್ನು ಮೇ ತಿಂಗಳೊಳಗೆ ಕೊಂಡು, ಕಟ್ಟು ಕಟ್ಟಿ, ನೆಲದಿಂದ ಎತ್ತರದ ಅಟ್ಟದಲ್ಲಿ ಒಣಗಿಸಿಡಬೇಕು. ಹಾಳೆಯೊಂದಕ್ಕೆ ಎರಡೇ ರೂಪಾಯಿಯೆಂದು ಹಿಡಿದರೂ 60,000 ರೂಪಾಯಿ ಅಟ್ಟದ ಮೇಲೆ ಮಲಗಿರುತ್ತದೆ. ಜೊತೆಗೆ ಅಷ್ಟು ಹಾಳೆಯನ್ನು ಇಡುವ ಒಣ ಜಾಗ ಬೇಕು. ನಾನು ನೋಡಿದ ಹಾಳೆ ತಟ್ಟೆಯ ವರದಿಗಳಲ್ಲಿ ಹೆಚ್ಚಿನವುಗಳಲ್ಲಿ ಯಂತ್ರದ ಬೆಲೆ ರೂಪಾಯಿ ಪೈಸೆಯವರೆಗೆ ಇದ್ದು, ಈ 60,000 ಎಲ್ಲಿಯೂ ಇರಲಿಲ್ಲ. ಜಡಿಮಳೆಯ ಆಟಿ ತಿಂಗಳಲ್ಲಿ ಬಾಗಿಲು ಹಾಕಿದ ಘಟಕಗಳ ಕಥೆ ಇಷ್ಟೇ. ನಿಮ್ಮ ಉದ್ದಿಮೆ ಬೇರೆಯಾಗಿದ್ದರೂ ಪ್ರಶ್ನೆ ಅದೇ: ಕಚ್ಚಾವಸ್ತು ವರ್ಷದ ಯಾವ ತಿಂಗಳಲ್ಲಿ ಸಿಗದು, ಆಗ ಏನು ಮಾಡುವಿರಿ?

ಇನ್ನು ಹಣದ ಹಂಚಿಕೆ. ಯಂತ್ರಕ್ಕೆ 3,20,000, ಶೆಡ್ ದುರಸ್ತಿ, ವಯರಿಂಗ್, ನೀರಿನ ತೊಟ್ಟಿಗೆ 80,000, ದುಡಿಯುವ ಬಂಡವಾಳಕ್ಕೆ (ಕಚ್ಚಾವಸ್ತು, ಕೂಲಿ ಮುಂತಾದ ನಿತ್ಯದ ಖರ್ಚಿಗೆ) 2,00,000 ಸೇರಿ 6,00,000 ರೂಪಾಯಿಯ ಯೋಜನೆ ಎಂದಿಟ್ಟುಕೊಳ್ಳಿ. ಹಳ್ಳಿಯ ಮಹಿಳೆಯೊಬ್ಬರು ಇದರಲ್ಲಿ ಶೇಕಡಾ 5, ಅಂದರೆ 30,000 ಹಾಕಬೇಕು. ಬ್ಯಾಂಕು 5,70,000 ಮಂಜೂರು ಮಾಡುತ್ತದೆ. ಶೇಕಡಾ 35ರ ಸಬ್ಸಿಡಿ 2,10,000. ಕೊನೆಗೆ ಅವರು ತೀರಿಸಬೇಕಾದ ಅಸಲು 3,60,000. ವಿಶೇಷ ವರ್ಗಕ್ಕೆ ಸೇರದ ಪುರುಷರಾದರೆ ಸ್ವಂತ ಪಾಲು ಶೇಕಡಾ 10, ಅಂದರೆ 60,000, ಸಾಲ 5,40,000, ಸಬ್ಸಿಡಿ ಶೇಕಡಾ 25ರಂತೆ 1,50,000, ತೀರಿಸಬೇಕಾದ ಅಸಲು 3,90,000. ನಗರ ವ್ಯಾಪ್ತಿಯಲ್ಲಿ ಸಬ್ಸಿಡಿ ಕ್ರಮವಾಗಿ ಶೇಕಡಾ 25 ಮತ್ತು 15ಕ್ಕೆ ಇಳಿಯುತ್ತದೆ.

ಈ ಲೆಕ್ಕ ನೋಡಿದ ಕೂಡಲೇ ಮನೆಯಲ್ಲಿ ಹೆಂಡತಿಯ ಹೆಸರಿನಲ್ಲಿ ಹಾಕೋಣ ಎಂಬ ಮಾತು ಬರುತ್ತದೆ. ಹಾಕಬಹುದು, ಆದರೆ ಉದ್ದಿಮೆ ನಿಜವಾಗಿಯೂ ಅವರದಾಗಿದ್ದರೆ ಮಾತ್ರ. ಬ್ಯಾಂಕಿನಲ್ಲಿ ಒಂದು ದಿನ ನಾನು ಕಂಡದ್ದು ಹೀಗೆ: ಮ್ಯಾನೇಜರರು ಅರ್ಜಿದಾರಳಿಗೆ ಪ್ರಶ್ನೆ ಕೇಳುತ್ತಿದ್ದರು, ಉತ್ತರ ಪಕ್ಕದ ಕುರ್ಚಿಯಿಂದ ಬರುತ್ತಿತ್ತು. ನಾಲ್ಕನೆಯ ಪ್ರಶ್ನೆಯ ಬಳಿಕ ಅವರು ಪೆನ್ನಿನ ಮುಚ್ಚಳ ಹಾಕಿದರು.

ಯಂತ್ರಕ್ಕೆ ಜಿಎಸ್‌ಟಿ ನಂಬ್ರವಿರುವ ಮಾರಾಟಗಾರರಿಂದ ಕೊಟೇಶನ್ ಮಾತ್ರ ತರಬೇಕು. ಬಿಲ್ಲು ಬೇಡ, ಮುಂಗಡ ಬೇಡ. ಮಂಗಳೂರಿನಿಂದ ತರುವುದಾದರೆ ಅಂತರರಾಜ್ಯ ತೆರಿಗೆ, ಸಾಗಾಟ ಮತ್ತು ಅಳವಡಿಕೆಯ ಖರ್ಚನ್ನು ಕೊಟೇಶನ್ನಿನಲ್ಲಿಯೇ ಬೇರೆ ಬೇರೆಯಾಗಿ ನಮೂದಿಸಲು ಹೇಳಿ. ಕೊಟೇಶನ್ನಿಗೆ ಅವಧಿ ಇರುತ್ತದೆ. ಮಂಜೂರಾತಿ ಬರುವಾಗ ಬೆಲೆ ಏರಿದರೆ ಹೆಚ್ಚುವರಿ ಮೊತ್ತ ನಿಮ್ಮ ಕಿಸೆಯದು.

ಹಂತ 5: ಅರ್ಜಿಗಿಂತ ಮೊದಲು ಬ್ಯಾಂಕು

ಅರ್ಜಿಯಲ್ಲಿ ಬ್ಯಾಂಕಿನ ಶಾಖೆಯನ್ನು ನೀವೇ ಸೂಚಿಸಬೇಕಾಗುತ್ತದೆ. ಪರಿಚಯವೇ ಇಲ್ಲದ ಶಾಖೆಗೆ ಅರ್ಜಿ ಇದ್ದಕ್ಕಿದ್ದಂತೆ ಹೋಗಿ ಬಿದ್ದರೆ ಅದು ಅಲ್ಲಿಯೇ ಕೂರುತ್ತದೆ. ಪೆರ್ಲದವರ ಖಾತೆ ಗಡಿಯಾಚೆ ಕರ್ನಾಟಕದ ಅಡ್ಯನಡ್ಕದಲ್ಲೋ ವಿಟ್ಲದಲ್ಲೋ ಇರುವುದು, ತಲಪಾಡಿಯ ಈಚೆಯವರ ಖಾತೆ ಮಂಗಳೂರಿನಲ್ಲಿರುವುದು ನಮ್ಮಲ್ಲಿ ಸಹಜ. ಈ ಯೋಜನೆಗೆ ಆ ಖಾತೆ ಕೆಲಸಕ್ಕೆ ಬಾರದು; ಘಟಕವಿರುವ ಪ್ರದೇಶದ, ಕಾಸರಗೋಡು ಜಿಲ್ಲೆಯ ಶಾಖೆಯೇ ಬೇಕು. ಅಲ್ಲಿ ಆರು ತಿಂಗಳ ಮೊದಲೇ ಖಾತೆ ತೆರೆದು, ಹಾಲಿನ ಹಣವೋ ಅಡಿಕೆಯ ಹಣವೋ ಅದರ ಮೂಲಕ ಹೋಗಿಬರುವಂತೆ ಮಾಡಿದರೆ ಸಾಲ ಕೇಳುವ ದಿನ ನೀವು ಅಪರಿಚಿತರಾಗಿರುವುದಿಲ್ಲ.

ಬ್ಯಾಂಕಿಗೆ ಹೋಗುವ ಮುನ್ನ ನಿಮ್ಮ ಸಿಬಿಲ್ ವರದಿಯನ್ನು, ಅಂದರೆ ಹಿಂದಿನ ಸಾಲಗಳ ಚರಿತ್ರೆಯನ್ನು, ತೆಗೆಸಿ ನೋಡಿ. ವರ್ಷಕ್ಕೊಮ್ಮೆ ಅದು ಉಚಿತ. ಮರೆತುಹೋದ ಬೈಕ್ ಸಾಲದ ಕೊನೆಯ ಕಂತು, ಭಾವನ ಸಾಲಕ್ಕೆ ಹಾಕಿದ ಜಾಮೀನು ಸಹಿ, ತೀರಿಸಿದರೂ ಮುಚ್ಚದ ಚಿನ್ನದ ಸಾಲ ಎಲ್ಲವೂ ಅಲ್ಲಿ ಮೇಲೆದ್ದು ಬರುತ್ತವೆ. ಬಾಕಿಯಿದ್ದರೆ ತೀರಿಸಿ, ಬಾಕಿಯಿಲ್ಲವೆಂಬ ಪತ್ರ ಪಡೆದು, ವರದಿ ಸರಿಯಾಗುವವರೆಗೆ ಕಾದು ಅರ್ಜಿ ಹಾಕಿ.

ಹತ್ತು ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಜಾಗದ ಆಧಾರವನ್ನೋ ಬೇರೆ ಆಸ್ತಿಯ ಅಡಮಾನವನ್ನೋ ಕೇಳಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅಂತಹ ಸಾಲಗಳಿಗೆ ಸಿಜಿಟಿಎಂಎಸ್‌ಇ ಎಂಬ ಖಾತರಿ ನಿಧಿಯ ರಕ್ಷಣೆ ಇದೆ. ಶಾಖೆಯಲ್ಲಿ ಕೇಳಿದರೆ ಜಗಳವಾಡದೆ, ಖಾತರಿ ನಿಧಿಯಡಿ ಪರಿಗಣಿಸಬೇಕೆಂದು ಲಿಖಿತವಾಗಿ ಕೋರಿ; ಆಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರರಿಗೆ ಬರೆಯಿರಿ.

ಹಂತ 6: ಅರ್ಜಿ ಸಲ್ಲಿಸುವುದು

ಅರ್ಜಿಯು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಜಾಲತಾಣದಲ್ಲಿ ಮಾತ್ರ. ಕಾಗದದ ಅರ್ಜಿ ಇಲ್ಲ, ಶುಲ್ಕವೂ ಇಲ್ಲ. ಸ್ವಂತವಾಗಿ ಮಾಡಲಾಗದವರು ಅಕ್ಷಯ ಕೇಂದ್ರಕ್ಕೆ ಹೋಗಬಹುದು, ಆದರೆ ಗುರುತು ಸಂಖ್ಯೆ ಮತ್ತು ಪಾಸ್‌ವರ್ಡ್ ನಿಮ್ಮ ಮೊಬೈಲಿಗೇ ಬರುವಂತೆ ನೋಡಿಕೊಳ್ಳಬೇಕು. ಕೇಂದ್ರದವರು ಅವಸರದಲ್ಲಿ ತಮ್ಮ ನಂಬ್ರ ಹಾಕಿದರೆ ಮುಂದಿನ ಒಂದು ಸಂದೇಶವೂ ನಿಮ್ಮನ್ನು ಮುಟ್ಟದು.

ಅನುಷ್ಠಾನ ಸಂಸ್ಥೆ, ಅಂದರೆ ಅರ್ಜಿಯನ್ನು ಪರಿಶೀಲಿಸಿ ಬ್ಯಾಂಕಿಗೆ ಕಳುಹಿಸುವ ಕಚೇರಿ, ಯಾವುದು ಎಂಬ ಕಡೆ ಖಾದಿ ಆಯೋಗ, ಖಾದಿ ಮಂಡಳಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳ ಹೆಸರು ಬರುತ್ತವೆ. ತೆಂಗಿನ ನಾರಿನ ಘಟಕಕ್ಕೆ ಕಯರ್ ಬೋರ್ಡ್ ಕೂಡ ಇದೆ. ನೀವು ಯಾರೊಂದಿಗೆ ಈಗಾಗಲೇ ಮಾತಾಡಿದ್ದೀರೋ ಅವರನ್ನೇ ಆರಿಸಿ. ಕೈಗಾರಿಕಾ ಕೇಂದ್ರದ ಅಧಿಕಾರಿಯೊಡನೆ ತಿಂಗಳೆಲ್ಲ ಚರ್ಚಿಸಿ ಕೊನೆಗೆ ಖಾದಿ ಮಂಡಳಿಯನ್ನು ಒತ್ತಿದವರಿದ್ದಾರೆ.

ಉದ್ಯಮ್ ನೋಂದಣಿಯನ್ನು ಈಗಲೇ ಮಾಡಿಸಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಅದು ಉಚಿತ, ಐದು ನಿಮಿಷದ ಕೆಲಸ. ಅಪಾಯ ಇರುವುದೂ ಅದರಲ್ಲಿಯೇ. ವ್ಯವಹಾರ ಆರಂಭಿಸಿದ ದಿನಾಂಕ ಎಂಬ ಅಂಕಣದಲ್ಲಿ ಹಿಂದಿನ ಯಾವುದೋ ತಾರೀಕು ಬಿದ್ದರೆ ನಿಮ್ಮ ಘಟಕ ಹಳೆಯದೆಂದು ನೀವೇ ಬರೆದುಕೊಟ್ಟಂತಾಗುತ್ತದೆ. ಸಾಲ ಮಂಜೂರಾಗುವವರೆಗೆ ಅದನ್ನು ಮುಟ್ಟದಿರುವುದು ಕ್ಷೇಮ.

ಮೋಸದ ಲಕ್ಷಣಗಳು

ಅರ್ಜಿ ಸಲ್ಲಿಸಿದ ವಾರದೊಳಗೆ ‘ನಿಮ್ಮ ಸಾಲ ಮಂಜೂರಾಗಿದೆ, ಸಂಸ್ಕರಣಾ ಶುಲ್ಕ ಕಟ್ಟಿ’ ಎಂಬ ಕರೆ ಬರಬಹುದು. ಮಂಜೂರಾತಿ ಪತ್ರದ ಮೇಲೆ ಅಶೋಕ ಸ್ತಂಭವೂ ಇರಬಹುದು. ಸರಕಾರ ಈ ಯೋಜನೆಗೆ ಮಧ್ಯವರ್ತಿಗಳನ್ನು ನೇಮಿಸಿಲ್ಲ. ಸಬ್ಸಿಡಿಯಲ್ಲಿ ಇಂತಿಷ್ಟು ಪಾಲು ಕೇಳುವವರು, ಸಹಿ ಮಾಡಿದ ಖಾಲಿ ಚೆಕ್ಕು ಕೇಳುವವರು, ಯಂತ್ರದ ಬೆಲೆಯನ್ನು ಬಿಲ್ಲಿನಲ್ಲಿ ಏರಿಸಿ ವ್ಯತ್ಯಾಸವನ್ನು ನಗದಾಗಿ ಹಿಂದಿರುಗಿಸುತ್ತೇನೆ ಎನ್ನುವ ಮಾರಾಟಗಾರರು: ಈ ಮೂವರಿಂದಲೂ ದೂರವಿರಬೇಕು. ಮೂರನೆಯವರ ಮಾತು ಕೇಳಲು ಹಿತವಾಗಿರುತ್ತದೆ, ಏಕೆಂದರೆ ಸ್ವಂತ ಪಾಲು ಅದರಿಂದಲೇ ಹುಟ್ಟುತ್ತದೆ. ಆದರೆ ಏರಿಸಿದ ಬೆಲೆಗೆ ಬಡ್ಡಿ ಕಟ್ಟುವವರು ನೀವು, ಪರಿಶೀಲನೆಯ ದಿನ ಬಿಲ್ಲಿಗೂ ಯಂತ್ರಕ್ಕೂ ತಾಳೆಯಾಗದಿದ್ದರೆ ಉತ್ತರ ಹೇಳುವವರೂ ನೀವು.

ಹಂತ 7: ಸಂದರ್ಶನ, ತರಬೇತಿ, ಹಣ ಬಿಡುಗಡೆ

ಬ್ಯಾಂಕಿನಲ್ಲಿ ಕೇಳುವುದು ನಾಲ್ಕನೆಯ ಹಂತದ ಲೆಕ್ಕವನ್ನೇ: ಯಾರಿಗೆ ಮಾರುವಿರಿ, ಹಣ ಎಷ್ಟು ದಿನಕ್ಕೆ ಬರುತ್ತದೆ, ಕೂಲಿಯವರು ಬಾರದಿದ್ದರೆ ಏನು. ಕ್ಯಾಟರಿಂಗಿನವರೋ ಅಂಗಡಿಯವರೋ ಕೊಳ್ಳಲು ಒಪ್ಪಿ ಕೊಟ್ಟ ಪತ್ರ ಎರಡಿದ್ದರೆ ಮಾತು ಬೇಗ ಮುಗಿಯುತ್ತದೆ.

ಮಂಜೂರಾದ ಬಳಿಕ ಉದ್ಯಮಶೀಲತಾ ತರಬೇತಿ. ಯೋಜನಾ ವೆಚ್ಚ 2 ಲಕ್ಷದವರೆಗಿದ್ದರೆ ಇದರ ಕಡ್ಡಾಯವಿಲ್ಲ, 5 ಲಕ್ಷದವರೆಗೆ 5 ದಿನ, ಅದಕ್ಕೆ ಮೀರಿದರೆ 10 ದಿನ. ಪ್ರಮಾಣಪತ್ರವಿಲ್ಲದೆ ಸಬ್ಸಿಡಿ ಬಾರದು. ಇದು ಕೆಲಸದ ತರಬೇತಿಯಲ್ಲವೆಂಬುದನ್ನೂ ತಿಳಿದಿರಬೇಕು. ತೆಂಗಿನ ಉತ್ಪನ್ನಗಳ ತಯಾರಿ ಕಲಿಯಬೇಕಾದರೆ ಕೂಡ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಬಹುದು.

ಅನಂತರ ನಿಮ್ಮ ಪಾಲನ್ನು ಖಾತೆಗೆ ಹಾಕಬೇಕು, ಬ್ಯಾಂಕು ಯಂತ್ರದ ಹಣವನ್ನು ನೇರವಾಗಿ ಮಾರಾಟಗಾರರಿಗೆ ಕಳುಹಿಸುತ್ತದೆ. ಯಂತ್ರ ಕೊಳ್ಳುವ ಹೊತ್ತು ಈಗ ಬಂತು. ಹಣ ಬಿಡುಗಡೆಯಾದ ಕೂಡಲೇ ಸಬ್ಸಿಡಿಗಾಗಿ ಬ್ಯಾಂಕು ಬೇಡಿಕೆ ಸಲ್ಲಿಸಬೇಕು. ಅದು ಬರುವವರೆಗೆ ಪೂರ್ತಿ ಸಾಲಕ್ಕೆ ಬಡ್ಡಿ ಓಡುತ್ತಿರುತ್ತದೆ, ಆದುದರಿಂದ ಬೇಡಿಕೆ ಹೋಯಿತೇ ಎಂದು ವಾರಕ್ಕೊಮ್ಮೆ ವಿನಯದಿಂದ ಕೇಳುವುದು ನಿಮ್ಮದೇ ಲಾಭ.

ಹಂತ 8: ಪರವಾನಗಿಗಳು

ಕೇರಳದ 2019ರ ಕಾಯ್ದೆಯಂತೆ ಕೆ-ಸ್ವಿಫ್ಟ್ ಜಾಲತಾಣದಲ್ಲಿ ಸ್ವಯಂಘೋಷಣೆ ಸಲ್ಲಿಸಿ ಪಡೆಯುವ ಸ್ವೀಕೃತಿ ಪತ್ರವಿದ್ದರೆ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗಕ್ಕೆ ಸೇರದ ಸಣ್ಣ ಉದ್ದಿಮೆ ರಾಜ್ಯದ ಹೆಚ್ಚಿನ ಅನುಮತಿಗಳಿಗೆ ಕಾಯದೆ ಮೂರು ವರ್ಷ ನಡೆಯಬಹುದು. ಅವಧಿ ಮುಗಿದ ಆರು ತಿಂಗಳೊಳಗೆ ಅವನ್ನು ಪಡೆದುಕೊಳ್ಳಬೇಕು. ಇದು ಗದ್ದೆಯ ಕಾಯ್ದೆಯನ್ನು ದಾಟಿಸುವ ರಹದಾರಿಯಲ್ಲ, ಕೇಂದ್ರದ ಕಾನೂನುಗಳಿಗೂ ಅನ್ವಯಿಸದು. ಆಹಾರ ಪದಾರ್ಥವಾದರೆ ಆಹಾರ ಸುರಕ್ಷತಾ ನೋಂದಣಿ ಮೊದಲ ದಿನದಿಂದಲೇ ಬೇಕು. ಉದ್ಯಮ್ ನೋಂದಣಿಯನ್ನು ಸರಿಯಾದ ದಿನಾಂಕದೊಂದಿಗೆ ಈಗ ಮಾಡಿಸಿ.

ಹಂತ 9: ಮೂರು ವರ್ಷ ಕಾಯುವುದು

ಸಬ್ಸಿಡಿ ನಿಮ್ಮ ಕೈಗೆ ಬರುವ ಹಣವಲ್ಲ. ಅದು ನಿಮ್ಮ ಹೆಸರಿನಲ್ಲಿ ಮೂರು ವರ್ಷದ ಠೇವಣಿಯಾಗಿ ಬ್ಯಾಂಕಿನಲ್ಲಿ ಕುಳಿತಿರುತ್ತದೆ. ಆ ಠೇವಣಿಗೆ ಬಡ್ಡಿ ಸಿಗದು, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವಂತೆಯೂ ಇಲ್ಲ. ಮೇಲಿನ ಉದಾಹರಣೆಯ ಮಹಿಳೆಗೆ 5,70,000ಕ್ಕೆ ಬದಲಾಗಿ 3,60,000ದ ಮೇಲೆ ಮಾತ್ರ ಬಡ್ಡಿ ಬೀಳಬೇಕು. ಪಾಸ್‌ಬುಕ್ಕಿನಲ್ಲಿ ಹಾಗಿಲ್ಲವಾದರೆ ಮೊದಲ ತಿಂಗಳಿನಲ್ಲಿಯೇ ಕೇಳಬೇಕು, ಮೂರನೆಯ ವರ್ಷದಲ್ಲಿ ಕೇಳಿದರೆ ಹಳೆಯ ಮ್ಯಾನೇಜರರು ವರ್ಗವಾಗಿ ಹೋಗಿರುತ್ತಾರೆ. ಕಂತು ಕಟ್ಟಬೇಕಿಲ್ಲದ ಆರಂಭದ ವಿರಾಮದ ಬಳಿಕ ಸಾಲ ತೀರಿಸಲು 3ರಿಂದ 7 ವರ್ಷ ಅವಧಿಯಿದೆ.

ದುಡಿಯುವ ಬಂಡವಾಳವನ್ನು ಕ್ಯಾಶ್ ಕ್ರೆಡಿಟ್ ರೂಪದಲ್ಲಿ, ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ತೆಗೆದು ಮತ್ತೆ ಕಟ್ಟುವ ಸಾಲದ ಖಾತೆಯಾಗಿ, ಪಡೆದವರು ಹೆದರಿ ಅದನ್ನು ಮುಟ್ಟದಿರುವುದೂ ತಪ್ಪೇ. ಮೂರು ವರ್ಷದೊಳಗೆ ಒಮ್ಮೆಯಾದರೂ ಪೂರ್ತಿ ಮಿತಿಯನ್ನು ಬಳಸಿರಬೇಕು, ಸರಾಸರಿ ಬಳಕೆ ಶೇಕಡಾ 75ಕ್ಕಿಂತ ಕಡಿಮೆಯಾಗಬಾರದು. ಇಲ್ಲವಾದರೆ ಅದಕ್ಕೆ ತಕ್ಕಷ್ಟು ಸಬ್ಸಿಡಿ ಹಿಂದೆ ಹೋಗುತ್ತದೆ. ಮೇ ತಿಂಗಳ ಹಾಳೆ ಖರೀದಿಯನ್ನು ಈ ಖಾತೆಯಿಂದಲೇ ಮಾಡಿದರೆ ಎರಡೂ ಕೆಲಸ ಆಗುತ್ತದೆ.

ಮೂರು ವರ್ಷದ ಬಳಿಕ ಘಟಕದ ಭೌತಿಕ ಪರಿಶೀಲನೆ ನಡೆಯುತ್ತದೆ. ಬಂದವರು ಯಂತ್ರ ಓಡುತ್ತಿದೆಯೇ, ಯೋಜನೆಯ ಹೆಸರಿರುವ ಫಲಕ ಹೊರಗೆ ಇದೆಯೇ, ಕರೆಂಟು ಬಿಲ್ಲು, ಮಾರಾಟದ ಪುಸ್ತಕ, ಕೆಲಸಗಾರರ ಹಾಜರಿ ಇದೆಯೇ ಎಂದು ನೋಡಿ, ಘಟಕದ ಮುಂದೆ ನಿಮ್ಮನ್ನು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಾರೆ. ಜಾಗ ಬದಲಾಯಿಸಿದ್ದರೆ ಅದನ್ನು ಬ್ಯಾಂಕಿಗೂ ಅನುಷ್ಠಾನ ಸಂಸ್ಥೆಗೂ ಮೊದಲೇ ಬರೆದು ತಿಳಿಸಿ ಸ್ವೀಕೃತಿ ಪಡೆದಿರಬೇಕು; ಹಳೆಯ ವಿಳಾಸಕ್ಕೆ ಹೋಗಿ ಬೀಗ ಕಂಡವರು ಘಟಕ ಮುಚ್ಚಿದೆ ಎಂದೇ ವರದಿ ಬರೆಯುತ್ತಾರೆ. ಪರಿಶೀಲನೆ ಸರಿಯಾದ ಮೇಲೆ ಠೇವಣಿ ಸಾಲದ ಖಾತೆಗೆ ಜಮೆಯಾಗುತ್ತದೆ. ಆ ದಿನದ ಖಾತೆ ವಿವರವನ್ನು ಮುದ್ರಿಸಿ ಪಡೆದು, ಇನ್ನೂರು ಪುಟದ ಪುಸ್ತಕದ ಕೊನೆಯ ಹಾಳೆಗೆ ಅಂಟಿಸಿಡಿ. ಘಟಕ ಚೆನ್ನಾಗಿ ನಡೆದಿದ್ದು ಅದನ್ನು ವಿಸ್ತರಿಸಲು ಇದೇ ಯೋಜನೆಯಡಿ ಎರಡನೆಯ ಸಾಲ ಕೇಳುವಾಗ ಮೊದಲು ಕೇಳುವುದು ಆ ಕಾಗದವನ್ನೇ.